ಪುಟ್ಟ ಮಕ್ಕಳೊಂದಿಗೆ ಚಾರಣ: ಟೆಂಟ್ ಆರಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದರೆ ಮತ್ತೆ ಮೂಡುವುದು ಆರೂವರೆ ದಾಟಿದ ಮೇಲೆ. ಹನ್ನೆರಡು ಗಂಟೆಗೂ ಮೀರಿದ ಇರುಳು. ನಾಲ್ಕು ವರ್ಷದ ಮಗು ಅದರಲ್ಲಿ ಹತ್ತು ಗಂಟೆ ನಿದ್ದೆ ಮಾಡಿತೆಂದೇ ಇಟ್ಟುಕೊಳ್ಳೋಣ. ಮಿಕ್ಕ ಎರಡು, ಎರಡೂವರೆ ಗಂಟೆ ಅದು ಎಚ್ಚರವಾಗಿ, ಹೆಚ್ಚಿನ ಪಾಲು ಟೆಂಟಿನೊಳಗೇ ಇರುತ್ತದೆ. ಮಳೆ ಹಿಡಿದರಂತೂ ಮಧ್ಯಾಹ್ನದಿಂದಲೇ ಒಳಗೆ. ಆ ಪುಟ್ಟ ಜಾಗದಲ್ಲಿ ಊಟ, ಆಟ, ಕಥೆ, ಬಟ್ಟೆ ಬದಲಿಸುವುದು, ಅಳು, ರಂಪ ಎಲ್ಲವೂ ನಡೆಯಬೇಕು. ಆದ್ದರಿಂದ ಮಕ್ಕಳಿರುವ ಮನೆಯವರು ಟೆಂಟ್ ಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲರೂ ಎಚ್ಚರವಿರುವಾಗ ಇದರೊಳಗೆ ಎರಡು ಗಂಟೆ ಕೂರಲು ಆಗುತ್ತದೆಯೇ? ತೂಕ, ಬೆಲೆ, ಬಣ್ಣ ಎಲ್ಲ ಆಮೇಲೆ.

ಇಲ್ಲಿ ಬರೆದಿರುವುದು ಒಂದರಿಂದ ಆರು ವರ್ಷದ ಮಕ್ಕಳನ್ನು ಕರೆದುಕೊಂಡು, ಸಾಮಾನನ್ನು ಬೆನ್ನ ಮೇಲೆ ಹೊತ್ತು, ಒಂದೆರಡು ರಾತ್ರಿ ಹೊರಗೆ ತಂಗುವವರಿಗೆ. ಕಾರಿನ ಪಕ್ಕದಲ್ಲೇ ಹಾಕುವ, ಒಳಗೆ ನಿಂತು ಓಡಾಡಬಹುದಾದ ದೊಡ್ಡ ಡೇರೆಗಳ ಲೆಕ್ಕವೇ ಬೇರೆ.

ಹೆಜ್ಜೆ 1: ಎಲ್ಲಿ, ಯಾವ ಕಾಲದಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಟೆಂಟ್ ಕೊಂಡ ಮೇಲೆ ಜಾಗ ಹುಡುಕುವವರೇ ಹೆಚ್ಚು. ಅದು ತಿರುವುಮುರುವು ಆಗಬೇಕು. ಪಶ್ಚಿಮ ಘಟ್ಟದ ಹೆಸರಾಂತ ಚಾರಣದ ದಾರಿಗಳು ಬಹುಪಾಲು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಇಲ್ಲವೇ ಮೀಸಲು ಅರಣ್ಯದೊಳಗಿವೆ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು. ಕುದುರೆಮುಖ ಶಿಖರ ರಾಷ್ಟ್ರೀಯ ಉದ್ಯಾನದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಲಿಡುವುದಕ್ಕೇ ಅನುಮತಿ ಬೇಕು. ಇಷ್ಟ ಬಂದಲ್ಲಿ ಗೂಟ ಹೊಡೆದು ಮಲಗುವ ಮಾತೇ ಇಲ್ಲ. ಮಕ್ಕಳಿದ್ದಾಗ ಇದು ಕಾನೂನಿನ ಪ್ರಶ್ನೆಯಷ್ಟೇ ಅಲ್ಲ: ಆನೆ ಓಡಾಡುವ ದಾರಿಯಲ್ಲಿ ತೆಳು ಬಟ್ಟೆಯ ಗೋಡೆ ಯಾರನ್ನೂ ಕಾಯುವುದಿಲ್ಲ. ಹಾಗಾಗಿ ಕರ್ನಾಟಕದಲ್ಲಿ ಪುಟ್ಟ ಮಕ್ಕಳ ಟೆಂಟಿಗೆ ಸರಿಯಾದ ಜಾಗವೆಂದರೆ ಮಾಲೀಕರು ಒಪ್ಪಿದ ಕಾಫಿ ತೋಟ, ಹೋಂಸ್ಟೇಯ ಅಂಗಳ, ಅರಣ್ಯ ಇಲಾಖೆಯೇ ತೋರಿಸಿಕೊಟ್ಟ ತಾಣ, ಸ್ಥಳೀಯರು ಬೇಡವೆನ್ನದ ಕಡಲತಡಿ. ಹಗಲು ಚಾರಣ, ರಾತ್ರಿ ಇಂಥ ಕಡೆ ವಸತಿ. ಹಿಮಾಲಯಕ್ಕೆ ಹೋಗುವವರೂ ನಿಯಮ ವಿಚಾರಿಸಬೇಕು. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು.

ಜಾಗ ಗೊತ್ತಾದರೆ ಟೆಂಟಿನ ಅರ್ಧ ಗುಣಲಕ್ಷಣ ತಾನಾಗಿ ಗೊತ್ತಾಗುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಮಲೆನಾಡಿನಲ್ಲಿ ಇಬ್ಬನಿ, ಗಾಳಿ, ಕೀಟ. ಗೋಕರ್ಣ–ಕುಮಟಾ ಕಡಲಂಚಿನಲ್ಲಿ ಸೆಕೆ, ಮರಳು, ಉಪ್ಪುಗಾಳಿ. ಹಿಮಾಲಯದ ತಪ್ಪಲಲ್ಲಿ ಚಳಿ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಪುಟ್ಟ ಮಕ್ಕಳನ್ನು ಟೆಂಟಿನಲ್ಲಿ ಮಲಗಿಸಬೇಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಂಥ ಕಡೆ ಎಷ್ಟು ದುಬಾರಿ ಟೆಂಟೂ ಎರಡನೆಯ ದಿನಕ್ಕೆ ತೊಯ್ದ ಬಟ್ಟೆಯ ಗಂಟಾಗುತ್ತದೆ. ಹೆಂಚಿನ ಮನೆಯಲ್ಲಿ ಕುಳಿತು ಮಳೆ ತೋರಿಸಿ. ಮಗುವಿಗೆ ಅದೇ ದೊಡ್ಡ ಸಂಭ್ರಮ.

ಹೆಜ್ಜೆ 2: ಅಳತೆಯನ್ನು ಮನೆಯ ನೆಲದ ಮೇಲೆ ಬರೆದು ನೋಡಿ

ಚೀಲದ ಮೇಲೆ "3 ಜನ" ಎಂದು ಬರೆದಿದ್ದರೆ, ಸುಮಾರು 50 ಸೆಂಟಿಮೀಟರ್ ಅಗಲದ ಮೂರು ಚಾಪೆಗಳು ಒತ್ತೊತ್ತಾಗಿ ಹಿಡಿಸುತ್ತವೆ ಎಂದಷ್ಟೇ ಅರ್ಥ. ಚೀಲ, ನೀರಿನ ಬಾಟಲಿ, ಹೊರಳಾಡುವ ಮಗು ಆ ಲೆಕ್ಕದಲ್ಲಿ ಇಲ್ಲ. ಇಬ್ಬರ ಟೆಂಟಿನ ಅಗಲ ಸಾಮಾನ್ಯವಾಗಿ 130 ಸೆಂಟಿಮೀಟರ್ ಆಸುಪಾಸು, ಮೂವರದ್ದು 170ರಿಂದ 180, ನಾಲ್ವರದ್ದು 215ರಿಂದ 240.

ಹಾಲ್‌ನಲ್ಲಿರುವ ಕುರ್ಚಿ, ಟೀಪಾಯಿ ಸರಿಸಿ. ನಿಮ್ಮ ಮನಸ್ಸಿನಲ್ಲಿರುವ ಟೆಂಟಿನ ಉದ್ದ ಅಗಲವನ್ನು ಅಳತೆಪಟ್ಟಿ ಹಿಡಿದು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯಿರಿ. ಒಂದು ಕಡೆ ಕಿರಿದಾಗುವ ಮಾದರಿಯಾದರೆ ಹಾಗೆಯೇ ಬರೆಯಿರಿ. ಈಗ ನಿಜವಾಗಿ ಒಯ್ಯುವ ಚಾಪೆಗಳನ್ನು ಹಾಸಿ, ಎಲ್ಲರೂ ಮಲಗಿ, ಹತ್ತು ನಿಮಿಷ ಹಾಗೆಯೇ ಇರಿ. ಬಳಿಕ ಎದ್ದು ಕುಳಿತು, ಗೆರೆ ದಾಟದೆ ಮಗುವಿಗೆ ಸ್ವೆಟರ್ ತೊಡಿಸಿ, ತಟ್ಟೆ ಇಟ್ಟು ಊಟ ಮಾಡಿಸಿ. ಮೊಣಕೈ ಎಲ್ಲಿ ಗೆರೆ ದಾಟುತ್ತದೆ, ಚೀಲಕ್ಕೆ ಮೂಲೆ ಉಳಿಯುತ್ತದೆಯೇ, ಮಧ್ಯರಾತ್ರಿ ಒಬ್ಬರು ಎದ್ದು ಹೋಗಬೇಕಾದರೆ ಯಾರ ಕಾಲು ತುಳಿಯುತ್ತಾರೆ ಎಲ್ಲವೂ ಅಲ್ಲೇ ಕಾಣುತ್ತದೆ. ಮಕ್ಕಳಿಗೆ ಈ ಆಟ ಬಹಳ ಇಷ್ಟ. ಗೆರೆಯೊಳಗೇ ಮಲಗುತ್ತೇವೆ ಎಂದು ಹಟ ಹಿಡಿದರೆ ಮಲಗಲಿ ಬಿಡಿ, ಒಳ್ಳೆಯ ಅಭ್ಯಾಸ.

ನನ್ನ ತೀರ್ಮಾನ ಹೀಗೆ. ಇಬ್ಬರು ದೊಡ್ಡವರು, ಒಂದು ಮಗು: ಮೂವರ ಟೆಂಟ್. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು: ನಾಲ್ವರದ್ದು. ಕೂಸು ಚಿಕ್ಕದು ಎಂದು ಲೆಕ್ಕದಿಂದ ಬಿಡಬೇಡಿ. ಅದಕ್ಕೆ ಹೊದಿಕೆ, ದಿಂಬು, ಮತ್ತೊಬ್ಬರ ತೋಳು ತಾಗದ ತನ್ನದೇ ಜಾಗ ಬೇಕು. ಆ ಜಾಗ ದೊಡ್ಡವರದ್ದಕ್ಕಿಂತ ಬಹಳ ಕಡಿಮೆಯೇನಲ್ಲ. ಇಬ್ಬರ ಎರಡು ಟೆಂಟ್ ಹಾಕಿ ತಂದೆಯ ಬಳಿ ಒಬ್ಬರು, ತಾಯಿಯ ಬಳಿ ಒಬ್ಬರು ಎಂದು ಹಂಚಿಕೊಳ್ಳುವ ದಾರಿಯೂ ಇದೆ. ಒಂದು ಮಗು ರಾತ್ರಿ ಅತ್ತರೆ ಇನ್ನೊಂದು ಏಳದ ಅನುಕೂಲವುಂಟು. ಆದರೆ ತೂಕ ಏರುತ್ತದೆ, ಮಳೆಯಲ್ಲಿ ಕುಟುಂಬ ಎರಡು ಪಾಲಾಗುತ್ತದೆ. ಮಕ್ಕಳು ಆರು ದಾಟುವವರೆಗೆ ಒಂದೇ ಸೂರು ಒಳ್ಳೆಯದು.

ಹೆಜ್ಜೆ 3: ಎತ್ತರ, ಗೋಡೆ, ಬಾಗಿಲು, ಜಗಲಿ

ನಡುವಿನ ಎತ್ತರ 105 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. 115ರಿಂದ 120 ಇದ್ದರೆ ಚೆನ್ನ. ಕೂಸಿಗೆ ಹಾಲೂಡುವ ತಾಯಿ ಬೆನ್ನು ನೆಟ್ಟಗೆ ಮಾಡಿ ಅರ್ಧ ಗಂಟೆ ಕೂರುವಂತಿರಬೇಕು. ಆದರೆ ಎತ್ತರದ ಅಂಕಿಯೊಂದನ್ನೇ ನಂಬಬೇಡಿ. ನಡುವಿನಲ್ಲಿ ಎತ್ತರವಿದ್ದು ಗೋಡೆಗಳು ಓರೆಯಾಗಿ ಇಳಿದಿದ್ದರೆ ಒಬ್ಬರು ಮಾತ್ರ ಕೂರಬಹುದು. ಡೆಕಾಥ್ಲಾನ್‌ನಂಥ ದೊಡ್ಡ ಮಳಿಗೆಗಳಲ್ಲಿ ಕೆಲವು ಟೆಂಟ್‌ಗಳನ್ನು ಬಿಡಿಸಿ ನಿಲ್ಲಿಸಿರುತ್ತಾರೆ. ಮನೆಮಂದಿಯೆಲ್ಲ ಶೂ ಕಳಚಿ ಒಳಹೋಗಿ, ಎಲ್ಲರೂ ಒಟ್ಟಿಗೆ ಕುಳಿತು ನೋಡಿ. ಸಂಕೋಚ ಬೇಡ, ಬಿಡಿಸಿ ನಿಲ್ಲಿಸಿರುವುದೇ ಅದಕ್ಕೆ.

ಬಾಗಿಲು ಎರಡು ಇರಲೇಬೇಕು. ಒಂದೇ ಬಾಗಿಲಿದ್ದರೆ ರಾತ್ರಿ "ಅಮ್ಮಾ, ಸುಸ್ಸೂ" ಎಂದು ಎದ್ದ ಮಗುವನ್ನು ಮಲಗಿದವರೆಲ್ಲರ ಮೇಲಿಂದ ದಾಟಿಸಬೇಕು. ಜಿಪ್ ಸರಾಗವಾಗಿ ಓಡುತ್ತದೆಯೇ, ಐದು ವರ್ಷದ ಮಗು ತಾನೇ ತೆರೆಯಬಲ್ಲದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಓಡಾಡಲು ಶುರುಮಾಡಿದ ಎರಡು ವರ್ಷದ ಮಗುವಿದ್ದರೆ ಲೆಕ್ಕ ತಿರುಗುಮುರುಗು: ಒಳಜಿಪ್‌ನ ಎರಡು ಹಿಡಿಗಳನ್ನು ರಾತ್ರಿ ಬಾಗಿಲ ಮೇಲ್ತುದಿಗೆ ಸರಿಸಿಡಿ, ಅದರ ಕೈಗೆ ಎಟುಕದಿರಲಿ.

ಅಂಗಡಿಯವರು ವೆಸ್ಟಿಬ್ಯೂಲ್ ಎನ್ನುವ ಮುಂಭಾಗದ ಜಗಲಿ ಕನಿಷ್ಠ 60 ಸೆಂಟಿಮೀಟರ್ ಆಳವಿರಲಿ. ಕೆಸರು ಮೆತ್ತಿದ ಶೂ, ಒದ್ದೆ ಜಾಕೆಟ್, ಚೀಲಗಳು ಅಲ್ಲಿರಬೇಕು. ಒಲೆ ಮಾತ್ರ ಅಲ್ಲಿ ಕೂಡದು. ಟೆಂಟಿನ ಬಟ್ಟೆಗೆ ಬೆಂಕಿ ತಗುಲಿದರೆ ಮಗುವನ್ನು ಎತ್ತಿಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ. ಮುಚ್ಚಿದ ಜಾಗದಲ್ಲಿ ಒಲೆಯಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿಯೆಂದು ಕೆಂಡದ ಬಾಣಲೆ ಒಳಗಿಡುವುದು ಇನ್ನೂ ಅಪಾಯ. ಮಳೆಯಲ್ಲಿ ಅಡುಗೆ ಮಾಡಬೇಕಾದರೆ ಅದಕ್ಕೆ ಬೇರೆ ತಾಡಪಾಲು ಕಟ್ಟಿ. ಅದರ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 4: ಒಳಗುಡಾರ ಪೂರ್ತಿ ಮುಚ್ಚಿರಲಿ

ನಮ್ಮ ನಾಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಒಳಗುಡಾರವೆಂದರೆ ಮಳೆ ತಡೆಯುವ ಹೊರ ಹೊದಿಕೆಯ ಒಳಗಿರುವ, ನಾವು ಮಲಗುವ ಗೂಡು. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಚಾರಣಕ್ಕೆ ಹದವಾದ ಒಣ ದಿನಗಳಲ್ಲೇ, ಅದರ ಹಾವಳಿ ಹೆಚ್ಚು. ಎಳ್ಳಿನಷ್ಟೂ ಇರದ ಮರಿ ಉಣುಗುಗಳು ತರಗೆಲೆಯಲ್ಲಿ, ಹುಲ್ಲಿನಲ್ಲಿ ಕಾದಿರುತ್ತವೆ. ಮಕ್ಕಳು ನೆಲದಲ್ಲಿ ಕೂರುತ್ತಾರೆ, ಉರುಳುತ್ತಾರೆ, ಎಲೆ ಆರಿಸುತ್ತಾರೆ. ಮಂಗ ಸತ್ತ ಸುದ್ದಿಯಿರುವ ಊರಿನ ಸುತ್ತ ತಂಗುವ ಯೋಚನೆಯನ್ನೇ ಕೈಬಿಡಿ. ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ಉಳಿದ ಕಡೆಯೂ ನೆಲಹಾಸು, ಬಲೆಯ ಗೋಡೆ, ಬಾಗಿಲು ಎಲ್ಲ ಒಂದಕ್ಕೊಂದು ಹೊಲಿದು ಸೇರಿಸಿದ ಒಳಗುಡಾರವೇ ಬೇಕು. ನೆಲಹಾಸಿನ ಅಂಚು ಸುತ್ತಲೂ ಹತ್ತು ಹದಿನೈದು ಸೆಂಟಿಮೀಟರ್ ಮೇಲೆದ್ದಿರಲಿ. ಇಂಬಳಕ್ಕೂ ಹರಿದು ಬರುವ ನೀರಿಗೂ ಅದೇ ತಡೆ.

ಟೆಂಟ್ ಎಷ್ಟೇ ಬಿಗಿಯಾಗಿದ್ದರೂ ಮೈಗಂಟಿಕೊಂಡು ಒಳಬಂದ ಉಣುಗನ್ನು ಅದು ತಡೆಯಲಾರದು. ಸಂಜೆ ಒಳಗೆ ಹೋಗುವ ಮುನ್ನ ಮಗುವಿನ ಬಟ್ಟೆಯನ್ನೆಲ್ಲ ಹೊರಗೇ ಕಳಚಿ ಕೊಡವಿ, ಟಾರ್ಚ್ ಹಿಡಿದು ಕಿವಿಯ ಹಿಂದೆ, ಕತ್ತಿನ ಮೇಲೆ ಕೂದಲ ಅಂಚಿನಲ್ಲಿ, ಕಂಕುಳಲ್ಲಿ, ಚಡ್ಡಿಯ ಎಲಾಸ್ಟಿಕ್ ಕೂರುವ ಸೊಂಟದ ಸುತ್ತ, ಮಂಡಿಯ ಹಿಂದೆ ಬೆರಳಾಡಿಸಿ ನೋಡಿ. ಇದನ್ನು ದಿನಚರಿಯಾಗಿಸಿ, ಮಕ್ಕಳು ಎರಡನೆಯ ದಿನ ತಾವೇ ಕೈ ಎತ್ತಿ ನಿಲ್ಲುತ್ತಾರೆ.

ಬಲೆ ಎಷ್ಟು, ಬಟ್ಟೆ ಎಷ್ಟು? ಕರಾವಳಿಗೆ ಪೂರ್ತಿ ಬಲೆಯದ್ದೇ ಸರಿ, ಗಾಳಿಯಾಡದಿದ್ದರೆ ಮಗು ಬೆವರಿ ನಿದ್ದೆಗೆಡುತ್ತದೆ. ಹಿಮಾಲಯಕ್ಕೆ ಗೋಡೆಯ ಕೆಳಗಿನ ಅರ್ಧ ಬಟ್ಟೆಯಿರುವ ಮಾದರಿ ಬೇಕು. ಬಲೆಯ ಮೂಲಕ ನುಗ್ಗುವ ತಣ್ಣನೆ ಗಾಳಿ ನೇರವಾಗಿ ಬಡಿಯುವುದು ನೆಲಮಟ್ಟದಲ್ಲಿ ಮಲಗಿದ ಮುಖಕ್ಕೆ.

ಹೆಜ್ಜೆ 5: ಮಳೆ, ಇಬ್ಬನಿ

ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ತಡೆದೀತು ಎಂಬುದನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಹೊರ ಹೊದಿಕೆಗೆ 1500 ಸಾಕು, ನೆಲಹಾಸಿಗೆ 3000 ಇರಲಿ. ದೊಡ್ಡವರು ಮಂಡಿಯೂರಿದಾಗ, ಮಕ್ಕಳು ಕುಣಿದಾಗ ಒದ್ದೆ ನೆಲದಿಂದ ನೀರು ಒತ್ತಿ ಬರುವುದು ಕೆಳಗಿನಿಂದಲೇ. ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರಬೇಕು. ಹೊರ ಹೊದಿಕೆ ನೆಲದ ಹತ್ತಿರದವರೆಗೂ ಇಳಿದಿರಬೇಕು; ತಲೆಯ ಮೇಲಷ್ಟೇ ಟೋಪಿ ಹಾಕಿದಂಥ ಅಗ್ಗದ ಟೆಂಟ್‌ಗಳು ಘಟ್ಟದ ಅಡ್ಡಮಳೆಗೆ ಆಗಿಬರುವುದಿಲ್ಲ. ನೈಲಾನ್ ಬಟ್ಟೆ ನೆನೆದಾಗ ಹಿಗ್ಗಿ ಜೋಲುತ್ತದೆ. ಮಲಗುವ ಮುನ್ನ ಒಮ್ಮೆ ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್‌ಗೆ ಆ ತೊಂದರೆ ಬಹಳ ಕಡಿಮೆ.

"ಟೆಂಟ್ ಸೋರುತ್ತದೆ" ಎಂದು ಬೆಳಗ್ಗೆ ಕೇಳಿಬರುವ ದೂರಿನಲ್ಲಿ ಬಹುಪಾಲು ಸೋರಿಕೆಯೇ ಅಲ್ಲ. ನಾಲ್ವರ ಉಸಿರು ಮತ್ತು ಮೈಯಿಂದ ಇರುಳಿಡೀ ಹೊರಡುವ ತೇವ ಅರ್ಧ ಲೀಟರ್ ದಾಟಬಹುದು. ಅದು ತಣ್ಣನೆಯ ಹೊರ ಹೊದಿಕೆಗೆ ತಾಗಿ ಹನಿಗಟ್ಟುತ್ತದೆ. ಎರಡು ಪದರದ ಟೆಂಟಿನಲ್ಲಿ ಆ ಹನಿ ಹೊರಪದರದಲ್ಲೇ ಉಳಿಯುತ್ತದೆ. ಒಂದೇ ಪದರದ್ದಾದರೆ ಗೋಡೆಗೆ ಒರಗಿದ ಮಗುವಿನ ಸ್ಲೀಪಿಂಗ್ ಬ್ಯಾಗ್ ಒದ್ದೆಯಾಗುತ್ತದೆ, ಮತ್ತು ಮಕ್ಕಳು ಗೋಡೆಗೆ ಒರಗದೆ ಮಲಗುವುದಿಲ್ಲ. ಈ ಒಂದೇ ಕಾರಣಕ್ಕೆ ಒಂಟಿ ಪದರದ ಹಗುರ ಟೆಂಟ್‌ಗಳನ್ನು ಮಕ್ಕಳಿರುವವರಿಗೆ ನಾನು ಹೇಳುವುದಿಲ್ಲ. ಮೇಲ್ಭಾಗದಲ್ಲಿ ಗಾಳಿಕಿಂಡಿ ಇದೆಯೇ ನೋಡಿ, ಚಳಿಯಾದರೂ ಅದನ್ನು ತೆರೆದಿಡಿ.

ಹೆಜ್ಜೆ 6: ಕೋಲು, ಗೂಟ

ಗೂಟವಿಲ್ಲದೆಯೂ ತನ್ನ ಕೋಲುಗಳ ಬಲದಿಂದ ನಿಲ್ಲುವ ಟೆಂಟ್ ಕೊಳ್ಳಿ. ಘಟ್ಟದ ಜಂಬಿಟ್ಟಿಗೆ ನೆಲ, ಬಂಡೆ, ತೋಟದ ಗಟ್ಟಿ ಅಂಗಳ, ಇಲ್ಲೆಲ್ಲ ಗೂಟ ಇಳಿಯುವುದು ಕಷ್ಟ. ಕಲ್ಲಿಗೆ ಹಗ್ಗ ಕಟ್ಟುವವರೆಗೆ ಟೆಂಟ್ ತಾನೇ ನಿಂತಿರಬೇಕು, ಏಕೆಂದರೆ ನಿಮ್ಮ ಒಂದು ಕೈಯಲ್ಲಿ ಮಗು ಇರುತ್ತದೆ. ನಿಂತಿತೆಂದು ಹಾಗೇ ಬಿಡಬೇಡಿ. ಖಾಲಿ ಟೆಂಟ್ ಗಾಳಿಗೆ ಹಾರಿಹೋಗುತ್ತದೆ. ಮರಳಿಗೆ ಮಾಮೂಲಿ ಗೂಟ ನಿಲ್ಲುವುದಿಲ್ಲ. ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂತುಬಿಡಿ.

ಕೋಲು ಅಲ್ಯೂಮಿನಿಯಂನದ್ದಾಗಿರಲಿ. ಫೈಬರ್‌ಗ್ಲಾಸ್ ಅಗ್ಗ, ಆದರೆ ಭಾರ, ಉದ್ದಕ್ಕೆ ಸೀಳಿದರೆ ಅದರ ಸಿಬಿರು ಪುಟ್ಟ ಕೈಗೆ ಚುಚ್ಚುತ್ತದೆ. ಎಳೆಹಗ್ಗಗಳು ಕತ್ತಲಲ್ಲಿ ಹೊಳೆಯುವಂಥವಾಗಿರಲಿ. ಇಲ್ಲದಿದ್ದರೆ ಬಿಳಿ ಬಟ್ಟೆಯ ಚಿಂದಿ ಕಟ್ಟಿ. ಓಡುವ ಮಗು ಎಡವುವುದು ಅದಕ್ಕೇ.

ಹೆಜ್ಜೆ 7: ತೂಕವನ್ನು ಒಬ್ಬರ ಬೆನ್ನಿನ ಲೆಕ್ಕದಲ್ಲಿ ನೋಡಿ

ಇಬ್ಬರು ಹಂಚಿಕೊಂಡು ಹೊರುತ್ತೇವೆ ಎಂಬ ಎಣಿಕೆ ಕೂಸಿರುವ ಮನೆಯಲ್ಲಿ ನಡೆಯುವುದಿಲ್ಲ. ಕಂಬಿಯ ಚೌಕಟ್ಟಿನ ಮಗು ಹೊರುವ ಚೀಲವೇ ಮೂರು ಕಿಲೋ ಸುಮಾರು, ಅದರೊಳಗೆ ಹನ್ನೊಂದು ಕಿಲೋ ಮಗು, ಜೊತೆಗೆ ನೀರು. ಅಲ್ಲಿಗೆ ಒಬ್ಬರ ಬೆನ್ನು ತುಂಬಿತು. ಟೆಂಟ್, ಹಾಸಿಗೆ, ಊಟ, ಒಲೆ ಎಲ್ಲ ಇನ್ನೊಬ್ಬರ ಪಾಲು. ಆದ್ದರಿಂದ ಮೂವರ ಟೆಂಟ್ ಎರಡೂವರೆ ಕಿಲೋ, ನಾಲ್ವರದ್ದು ಮೂರೂವರೆ ಕಿಲೋ ದಾಟದಿರಲಿ. ಮಾಹಿತಿ ಚೀಟಿಯಲ್ಲಿ ಎರಡು ತೂಕ ಇರುವುದುಂಟು; ಗೂಟ, ಹಗ್ಗ, ಚೀಲ ಸೇರಿದ ಒಟ್ಟು ತೂಕವನ್ನೇ ನೋಡಿ. ಇಲ್ಲಿ ಸುಲಭವಾಗಿ ಸಿಗುವ ಕಡಿಮೆ ಬೆಲೆಯ ನಾಲ್ವರ ಟೆಂಟ್‌ಗಳು ಈ ಮಿತಿಯನ್ನು ಮೀರುವುದೇ ಹೆಚ್ಚು. ಅಂಥದ್ದನ್ನೇ ಕೊಳ್ಳುವುದಾದರೆ ನಡಿಗೆಯ ದೂರ ಕಡಿಮೆ ಮಾಡಿ. ಸೋರುವ ಹಗುರ ಟೆಂಟಿಗಿಂತ ಅದು ಎಷ್ಟೋ ವಾಸಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಹಗುರ ಟೆಂಟ್‌ಗಳ ಆಯ್ಕೆ ಹೆಚ್ಚು, ಕರಡಿಯ ಕಾಟವೂ ಹೆಚ್ಚು. ಯೊಸೆಮಿಟಿಯ ಕಾಡಿನಲ್ಲಿ ರಾತ್ರಿ ತಂಗುವವರು ತಿಂಡಿ, ಟೂತ್‌ಪೇಸ್ಟ್ ಎಲ್ಲವನ್ನೂ ಕರಡಿ ತೆರೆಯಲಾರದ ಡಬ್ಬಿಯಲ್ಲಿಟ್ಟು ಟೆಂಟಿನಿಂದ ದೂರವಿಡಬೇಕೆಂಬ ನಿಯಮವಿದೆ. ಅಲ್ಲಾಗಲಿ ಇಲ್ಲಾಗಲಿ, ಮಲಗುವ ಮುನ್ನ ಮಕ್ಕಳ ಜೇಬು ತಡವಿ ನೋಡಿ. ಅರ್ಧ ಚಿಕ್ಕಿಯೋ ಬಿಸ್ಕತ್ತೋ ಖಂಡಿತ ಇರುತ್ತದೆ.

ಹೆಜ್ಜೆ 8: ಉಳಿದ ಆಸರೆಗಳು

ಉದ್ದ, ಅಗಲ ಎರಡೂ ಮೂರು ಮೀಟರ್ ಇರುವ ಹಗುರ ತಾಡಪಾಲು ಟೆಂಟಿಗೆ ಬದಲಿಯಲ್ಲ, ಒಳ್ಳೆಯ ಜೊತೆಗಾರ. ಅದರಡಿ ಅಡುಗೆ, ಹಗಲಿನ ನೆರಳು, ಮಳೆಯಲ್ಲಿ ಕಾಲು ಚಾಚುವ ಜಾಗ. ಮೊದಲು ತಾಡಪಾಲು ಕಟ್ಟಿ ಮಕ್ಕಳನ್ನು ಕೂರಿಸಿ, ಆಮೇಲೆ ಟೆಂಟ್ ನಿಲ್ಲಿಸಿ. ಹಗಲು ಬಿಸಿಲಿನಲ್ಲಿ ಮುಚ್ಚಿದ ಟೆಂಟಿನೊಳಗೆ ಮಗುವನ್ನು ಮಲಗಿಸಲೇಬೇಡಿ. ಅಲ್ಲಿ ಬಿಸಿ ಬಹಳ ಬೇಗ ಏರುತ್ತದೆ. ಎಸೆದೊಡನೆ ಬಿಚ್ಚಿಕೊಳ್ಳುವ ಟೆಂಟ್ ಮಡಚಿದಾಗ ಅಗಲವಾದ ಚಕ್ರವಾಗುವುದರಿಂದ ಬೆನ್ನಿಗೆ ಒಗ್ಗದು. ಜೋಕಾಲಿ ಹಾಸಿಗೆ ಆಡಲು ಚೆನ್ನ, ಕೂಸು ಮಲಗಲು ಅಲ್ಲ.

ಹೆಜ್ಜೆ 9: ತಾರಸಿಯ ಮೇಲೆ ಪರೀಕ್ಷೆ

ಕೊಂಡ ವಾರದಲ್ಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ತಾರಸಿಯಲ್ಲಿ ನಿಲ್ಲಿಸಿ. ಗೂಟದ ಬದಲು ನೀರು ತುಂಬಿದ ಕ್ಯಾನ್ ಅಥವಾ ಇಟ್ಟಿಗೆಗೆ ಹಗ್ಗ ಕಟ್ಟಿ. ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು ಹದಿನೈದು ನಿಮಿಷ ಮೇಲಿನಿಂದಲೂ ಪಕ್ಕದಿಂದಲೂ ನೀರು ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಹೊಲಿಗೆಯ ಗೆರೆ, ನಾಲ್ಕು ಮೂಲೆ, ಜಿಪ್‌ನ ತುದಿ ನೋಡಲಿ. ಬಳಿಕ ಒಂದು ರಾತ್ರಿ ಎಲ್ಲರೂ ಅಲ್ಲೇ ಮಲಗಿ. ಟೆಂಟನ್ನು ಒಬ್ಬರೇ ನಿಲ್ಲಿಸಲು ಎಷ್ಟು ಹೊತ್ತು ಬೇಕೆಂದು ನೋಡಿಕೊಳ್ಳಿ. ಇನ್ನೊಬ್ಬರು ಅಳುವ ಮಗುವಿನ ಜೊತೆಗಿರುತ್ತಾರೆ ಎಂದೇ ತಿಳಿಯಿರಿ. ಇಪ್ಪತ್ತು ನಿಮಿಷ ದಾಟಿದರೆ ಇನ್ನೊಮ್ಮೆ ಅಭ್ಯಾಸ ಮಾಡಿ. ಬಾಡಿಗೆಗೆ ತರುವ ಟೆಂಟಿಗೂ ಇದೇ ಪರೀಕ್ಷೆ, ಜೊತೆಗೆ ಗೂಟಗಳ ಎಣಿಕೆ.

ಹೆಜ್ಜೆ 10: ಜಾಗ ನೋಡಿ, ಮಲಗಿಸಿ

ಹಳ್ಳದ ದಡ, ಬೋಳು ನೆತ್ತಿ, ಒಣಕೊಂಬೆಯ ಮರದಡಿ ಮೂರೂ ಬೇಡ. ತೆಂಗಿನ ತೋಟದಲ್ಲಿ ಕಾಯಿ, ಗರಿ ಬೀಳುವ ನೇರ ತಪ್ಪಿಸಿ. ಇಳಿಜಾರು ತುಸು ಇದ್ದರೂ ತಲೆ ಮೇಲ್ಭಾಗಕ್ಕಿರಲಿ. ಟೆಂಟಿನ ಕೆಳಗೆ ಹಾಸುವ ಹಾಳೆ ಹೊರ ಹೊದಿಕೆಯಿಂದಾಚೆ ಚಾಚಿದರೆ ಮಳೆನೀರು ಅದರ ಮೇಲೆ ಹರಿದು ಟೆಂಟಿನಡಿ ನಿಲ್ಲುತ್ತದೆ, ಒಳಗೆ ಮಡಚಿಡಿ.

ಎರಡು ದಾಟಿದ ಮಕ್ಕಳನ್ನು ನಡುವೆ ಮಲಗಿಸಿ, ದೊಡ್ಡವರು ಅಂಚಿಗೆ. ವರ್ಷ ತುಂಬದ ಕೂಸನ್ನು ಕರೆದೊಯ್ಯುವ ಮೊದಲು ಮಕ್ಕಳ ವೈದ್ಯರನ್ನು ಕೇಳಿ. ಹೊರಟರೆ, ಗಾಳಿ ತುಂಬುವ ಮೆತ್ತನೆ ಹಾಸಿಗೆ ಬೇಡ. ಗಟ್ಟಿ ಫೋಮ್ ಚಾಪೆಯ ಮೇಲೆ, ಪ್ರತ್ಯೇಕವಾಗಿ, ಅಂಗಾತ, ಮುಖದ ಬಳಿ ಸಡಿಲ ಬಟ್ಟೆಯಿಲ್ಲದಂತೆ ಮಲಗಿಸಿ. ದೊಡ್ಡವರ ಸ್ಲೀಪಿಂಗ್ ಬ್ಯಾಗ್‌ನೊಳಗೆ ಕೂಸನ್ನು ಸೇರಿಸಿಕೊಳ್ಳಬೇಡಿ. ಚಳಿಗೆ ಪದರಪದರವಾಗಿ ಬಟ್ಟೆ ತೊಡಿಸಿ, ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಒಂದು ಸಣ್ಣ ದೀಪ ಮೇಲೆ ತೂಗಿರಲಿ. ಎಚ್ಚರವಾದ ಮಗುವಿಗೆ ನಿಮ್ಮ ಮುಖ ಕಾಣಬೇಕು.

ಹೆಜ್ಜೆ 11: ಮರಳಿದ ಮೇಲೆ

ಬೆಳಗ್ಗೆ ಇಬ್ಬನಿ ಹಿಡಿದ ಟೆಂಟನ್ನು ಹಾಗೇ ಸುತ್ತಿ ತಂದಿರುತ್ತೀರಿ. ಮನೆಗೆ ಬಂದ ದಿನವೇ ಬಿಡಿಸಿ, ನೆರಳಿನಲ್ಲಿ ಹರವಿ. ಬಿಸಿಲು ಬಟ್ಟೆಯ ಬಲ ಕುಂದಿಸುತ್ತದೆ. ಜೋಡಿಸಿಡುವಾಗ ಬಿಗಿಯಾಗಿ ತುರುಕದೆ ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಸಡಿಲವಾಗಿಟ್ಟು, ಅಟ್ಟದ ಬದಲು ಒಣಗಿದ ಬೀರುವಿನಲ್ಲಿರಿಸಿ. ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪ ಕ್ರಮೇಣ ಕರಗಿ ಅಂಟಂಟಾಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಒಮ್ಮೆ ಹಾಗಾದರೆ ಸರಿಪಡಿಸಲು ದಾರಿಯಿಲ್ಲ. ಮಳೆಗಾಲದಲ್ಲಿ ಒಂದೆರಡು ಸಲ ಹೊರತೆಗೆದು ಫ್ಯಾನಿನಡಿ ಹರವಿ, ಬೆರಳಿಗೆ ಅಂಟುತ್ತದೆಯೇ ಎಂದು ಮುಟ್ಟಿ ನೋಡಿ, ಜಿಪ್‌ಗಳಲ್ಲಿ ಸೇರಿದ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ.